ನಾಲ್ಕನೇ ಜ್ವರದ ಮೇಲೆ

ಡೆಂಕಣಿಕೋಟೆಯ ರೇಷ್ಮೆ ಆಫೀಸಿಗೆ ಬೆಂಕಿಪೊಟ್ಟಣದಲ್ಲಿ
ಮೂರು ಹುಳ ತಂದಿದ್ದಳು ಚೂಡಮ್ಮ.
ಒಂದು ಆಗಲೇ ಕಪ್ಪಾಗಿತ್ತು. ಇನ್ನೆರಡು
ಬಾಯಿ ಮುಂದಿನ ಸೊಪ್ಪನ್ನು ಮೂಸದೆ
ಒದ್ದೆ ಬತ್ತಿಯ ಹಾಗೆ ಬಿದ್ದಿದ್ದವು.
"ಹಾಲುರೋಗ ಅಲ್ಲ, ಸುಣ್ಣಕಟ್ಟಲ್ಲ,
ಸಪ್ಪೆ," ಅಂದಳು, ನಾನು ನೋಡುವ ಮೊದಲೇ.

ಕತ್ತರಿಯಿಟ್ಟು ಹೊಟ್ಟೆ ಬಿಡಿಸಿ
ಗಾಜಿನ ಮೇಲೆ ಕರುಳು ಹರವಿ
ಅವಳನ್ನೇ ಕರೆದೆ: ಒಂದು ಕಣ್ಣು ಮುಚ್ಚಿ ನೋಡು.

ಬಹಳ ಹೊತ್ತು ನೋಡಿದಳು.
"ನಮ್ಮ ಹಂಡೆ ಒಳಕ್ಕೆ ಕೈ ಹಾಕ್ದಂಗೈತೆ ಸಾಮಿ.
ಲೋಳೆ. ಉಜ್ಜಿದಷ್ಟೂ ಬತ್ತದೆ."

ಲೋಳೆಯೇ. ಒಂದು ಊರಿನಷ್ಟು ಲೋಳೆ.
ಮೊದಲು ಬಂದ ಬ್ಯಾಕ್ಟೀರಿಯಾ ಗೋಡೆಗೆ ಮೈ ಒತ್ತಿ
ತನ್ನದೇ ಅಂಟು ಸುರಿಸಿ ಕೂರುತ್ತದೆ.
ಪಕ್ಕದಲ್ಲಿ ಇನ್ನೊಂದು, ಅದರ ಹೆಗಲ ಮೇಲೆ ಮತ್ತೊಂದು.
ಅಂಟಿನ ಸಂದಿಯಲ್ಲಿ ನೀರು ಹರಿಯಲು ಕಾಲುವೆ,
ನಾವೆಷ್ಟಾದೆವು ಎಂದು
ವಾಸನೆಯಲ್ಲೇ ಎಣಿಸಿಕೊಳ್ಳುವ ಲೆಕ್ಕ.
ಸಾಕಷ್ಟಾದೆವು ಅನ್ನಿಸಿದ ದಿನ
ವಿಷ ಕಾಸುತ್ತವೆ, ಸೊಪ್ಪನ್ನೇರಿ
ಆಗತಾನೆ ಬಂದಿಳಿದವನಿಗೆ.

ಹುಳಕ್ಕೆ ಇದೇನೂ ಗೊತ್ತಿಲ್ಲ.
ಜ್ವರ ಬಂದಾಗ ತಲೆಯೆತ್ತಿ ನಿಂತು
ಚರ್ಮದ ಜೊತೆ ಒಳಗಿನ ಹೊದಿಕೆಯನ್ನೂ
ಕಳಚಿ ಬಿಸಾಡುತ್ತದೆ,
ಓಣಿ, ಕಾಲುವೆ, ಕಾವಲು ಸಮೇತ.
ನಾಲ್ಕು ಸಲ ಊರು ಹಾಳು.
ನಾಲ್ಕು ಸಲ, ಅಳಿದುಳಿದ ಹತ್ತಾರು ಮಂದಿಯಿಂದ
ಮತ್ತೆ ಮೊದಲ ಅಂಟು.

"ಜ್ವರದಿಂದ ಎದ್ದ ದಿನ ಏನು ಕೊಟ್ಟೆ?"

ಚೂಡಮ್ಮ ಸೆರಗಿನ ಗಂಟು ಬಿಚ್ಚಿದಳು.
ಹೊಸೂರಿನ ಮೆಡಿಕಲ್ಲಿನ ಚೀಟಿ, ಅರ್ಧ ತಮಿಳು.
ಮನುಷ್ಯರ ಭೇದಿಯ ಮಾತ್ರೆ, ಇಪ್ಪತ್ತು.
"ನೀರಲ್ಲಿ ಕದಡಿ ಸೊಪ್ಪಿಗೆ ಚಿಮುಕಿಸ್ದೆ.
ರೋಗ ಬರಾಕ್ ಮುಂಚೇನೇ ಇರ್ಲಿ ಅಂತ."

ಹಾಗಾದರೆ ಕಾವಲಿನವರೇ ಮೊದಲು ಹೋದರು, ಅಂದೆ.
ಬೋಳು ಗೋಡೆ ಉಳಿಯಿತು.
ಬೋಳು ಗೋಡೆ ಎರಡು ದಿನ ಖಾಲಿ ಇರುವುದಿಲ್ಲ.

ಅವಳು ಮತ್ತೆ ಕೊಳವೆಗೆ ಕಣ್ಣಿಟ್ಟಳು.
"ಹಂಗಾದ್ರೆ ಇವು ಯಾರು, ಈಗಿರೋವು?"
ಆಮೇಲೆ ಬಂದವರು.
"ನೋಡಾಕೆ ಒಂದೇ ಥರ ಅವೆ."

ಉಳಿದ ತಟ್ಟೆಗಳನ್ನು ಏನು ಮಾಡಬೇಕು
ಎಂದು ಬರೆದುಕೊಟ್ಟೆ: ಸುಣ್ಣ, ಗುಂಡಿ, ಬಿಸಿಲು.
ಓದು ಬರದ ಚೀಟಿಯನ್ನು ಆ ಚೀಟಿಯ ಜೊತೆಗೇ
ಗಂಟು ಹಾಕಿಕೊಂಡು ಮೆಟ್ಟಿಲಿಳಿದವಳು
ಬಸ್ಸಿನ ಹಾರ್ನಿಗೂ ಓಡದೆ ವಾಪಸು ಬಂದಳು.

"ಹಂಡೆ ತೊಳೀಲಾ, ಬಿಡ್ಲಾ?
ಅದೊಂದು ಹೇಳ್ಲೇ ಇಲ್ಲ ನೀವು."