ಚಿಲಕ

ಗೌರಿಕಾಲುವೆಯ ಅಡ್ಡರಸ್ತೆಗೆ ಇನಾಸಣ್ಣನ ಹೆಸರಿಡಬೇಕಂತೆ.
ಅರ್ಜಿ ಹಿಡಿದು ಬಂದಿದ್ದಾರೆ ಹುಡುಗರು,
ಅವನನ್ನು ಕಣ್ಣಲ್ಲಿ ಕಾಣದ ಹುಡುಗರು.
"ಅಜ್ಜಿ, ನೀವು ಕ್ಯೂರಿಂಗ್ ವರ್ಕ್ಸಲ್ಲಿ ಇದ್ದವರು,
ಮೊದಲ ಸಹಿ ನಿಮ್ಮದೇ ಆಗಲಿ."

ಕೂತ್ಕೊಳ್ಳಿ.
ಪೆನ್ನು ಕೈಲಿದೆ, ಎಲ್ಲೂ ಓಡಿಹೋಗಲ್ಲ.

ಮೂವತ್ತೊಂದು ವರ್ಷ ಕಾಫಿಬೀಜ ಆರಿಸಿದ ಕೈ ಇದು.
ಕರಿಯದ್ದು, ಒಡಕಲು, ಹುಳ ಕೊರೆದದ್ದು
ನೋಡದೇ ಬೇರೆ ಮಾಡುತ್ತಿತ್ತು.
ಅನುಮಾನ ಬಂದರೆ ಎಸಿ, ಅಂತಿದ್ದ ಮೇಸ್ತ್ರಿ.
ಗೋದಾಮಿನ ತುಂಬ ಮುನ್ನೂರು ಹೆಂಗಸರು.
ಒಂದಕ್ಕೆ ಹೋಗಬೇಕೆಂದರೆ ಹೊಟ್ಟಿನ ರಾಶಿಯ ಹಿಂದೆ,
ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು,
ಲಾರಿ ಮೇಲಿಂದ ಕ್ಲೀನರ್ ಹುಡುಗರ ಶಿಳ್ಳೆ.
ನೀರು ಕುಡಿಯುವುದನ್ನೇ ಬಿಟ್ಟಿದ್ದೆವು
ಬೆಳಗಿನ ಸೈರನ್ನಿಂದ ಸಂಜೆಯ ಸೈರನ್ನಿನ ತನಕ.

ಅವನು ಹಮಾಲಿಗಳ ಪೈಕಿ. ಬೆನ್ನಲ್ಲಿ ಮೂಟೆಯ ಗುರುತು,
ಕೊರಳಲ್ಲಿ ಶಿಲುಬೆ, ಬಾಯಲ್ಲಿ ಮೂರು ಭಾಷೆಯ ಬೈಗುಳ.
ಗೇಟಿನ ಮುಂದೆ ಖಾಲಿ ಡ್ರಮ್ಮಿನ ಮೇಲೆ ನಿಂತು
ಆಡಿದ್ದು ಕೂಲಿಯ ಮಾತಲ್ಲ, ಬೋನಸ್ಸಿನದಲ್ಲ:
"ಹೆಂಗಸರಿಗೆ ಕಕ್ಕಸು. ಕಕ್ಕಸಿಗೆ ಬಾಗಿಲು.
ಬಾಗಿಲಿಗೆ ಒಳಗಡೆ ಚಿಲಕ."
ಗಂಡಸರು ನಕ್ಕರು. ನಾವು ಸೆರಗು ಕಚ್ಚಿ ನೆಲ ನೋಡಿದೆವು.
ಹನ್ನೊಂದು ದಿನ ಸೈರನ್ ಕೂಗಲಿಲ್ಲ.
ಹನ್ನೆರಡನೇ ದಿನ ಮ್ಯಾನೇಜರನ ಕಾರಿನಲ್ಲೇ ಸಿಮೆಂಟು ಬಂತು.
ಕಟ್ಟಿ ಮುಗಿದ ದಿನ ಒಳಗೆ ಹೋಗಿ
ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ,
ಸುಮ್ಮನೆ ನಿಂತಿದ್ದೆ. ಯಾರೋ ಬಡಿದರು ಹೊರಗಿಂದ:
"ಏನೇ, ಅಲ್ಲೇ ಸಂಸಾರ ಹೂಡಿದೆಯಾ?"

ಬರೆದುಕೊಳ್ಳಿ ಇದನ್ನು.
ಇನ್ನೂ ಇದೆ, ಅದನ್ನೂ ಬರೆದುಕೊಳ್ಳಿ.

ಶನಿವಾರ ಶನಿವಾರ ಎರಡು ರೂಪಾಯಿ, ಕಾರ್ಮಿಕ ಭವನಕ್ಕೆ.
ಹಸಿರು ರಸೀದಿ. ನನ್ನ ಟ್ರಂಕಿನಲ್ಲಿ ಒಂದು ಕಟ್ಟು ಇನ್ನೂ ಇದೆ.
ಅಡಿಗಲ್ಲು ಬಿತ್ತು. ಭವನ ಏಳಲಿಲ್ಲ.
ಎದ್ದದ್ದು ಅವನ ಮನೆ, ಮೊಸಾಯಿಕ್ ನೆಲದ್ದು.
ಕೇಳಿದ್ದಕ್ಕೆ, "ಗುಡಿಸಲಿಂದ ಬಂದವನಿಗೆ ಮಾಲೀಕರು
ಕುರ್ಚಿ ಕೊಡೋದಿಲ್ಲ ಕಣಮ್ಮ" ಅಂದ.
ಆಗ ಅದೂ ಸರಿಯೇ ಅನ್ನಿಸಿತು.
ಆ ಅಡಿಗಲ್ಲ ಮೇಲೆ ಈಗ ಯಾರೋ ಬಟ್ಟೆ ಒಗೆಯುತ್ತಾರೆ.

ಆಮೇಲೊಂದು ದಿನ ಅವನ ಜೀಪು ಕೊಟ್ಟಿಗೆಹಾರದಲ್ಲಿ ಸಿಕ್ಕಿತು,
ಕೀಲಿ ಅದರಲ್ಲೇ, ಸೀಟಿನ ಮೇಲೆ
ಅರ್ಧ ತಿಂದ ನೀರ್‌ದೋಸೆಯ ಪೊಟ್ಟಣ.
ಮಾಲೀಕರು ಮುಗಿಸಿದರು ಅಂದರು.
ಲೆಕ್ಕ ಕೇಳಿದ ನಮ್ಮವರೇ ಅಂದರು.
ಮಸ್ಕತ್ತಿನಲ್ಲಿ ಹೋಟೆಲಿಟ್ಟಿದ್ದಾನೆ ಅಂದವರೂ ಉಂಟು.
ಅವನ ಹೆಂಡತಿ ಸೆವ್ರಿನ್ ಬಾಯಿ
ಕಪ್ಪು ಉಡಬೇಕೋ ಬೇಡವೋ ತಿಳಿಯದೆ
ಬೂದು ಬಣ್ಣದ ಸೀರೆಯಲ್ಲೇ ಇಗರ್ಜಿಗೆ ಹೋದಳು, ಸಾಯುವ ತನಕ.

ಇಷ್ಟೇ ಆಗಿದ್ದರೆ ಸಹಿ ಹಾಕಿಬಿಡುತ್ತಿದ್ದೆ.
ಕಳ್ಳರ ಹೆಸರಿನ ರಸ್ತೆ ಊರಲ್ಲಿ ಇದೊಂದೇನಾ?

ಆದರೆ ಆ ಹನ್ನೊಂದರಲ್ಲಿ ಒಂಬತ್ತನೇ ದಿನ
ದೇವೀರಮ್ಮನ ಗಂಡ ಪುಟ್ಟಸೋಮ, ಮಗುವಿಗೆ ಜ್ವರವೆಂದು,
ಹಿಂದಿನ ಗೋಡೆ ಹಾರಿ ಕೆಲಸಕ್ಕೆ ಹೋದ.
ಸಂಜೆ ಉಪ್ಪಳ್ಳಿ ತಿರುವಿನಲ್ಲಿ ಅವನ ಮೊಣಕಾಲಿಗೆ
ಮೂಟೆ ಎತ್ತುವ ಕೊಕ್ಕೆ ಬಿತ್ತು.
ಹೊಡೆದವರು ಯಾರೆಂದು ಎಲ್ಲರಿಗೂ ಗೊತ್ತು.
ಹೊಡೆಸಿದವನು ಮಾರನೇ ದಿನ ಆಸ್ಪತ್ರೆಗೆ ಬ್ರೆಡ್ಡು ತಂದ,
ಬಿಲ್ಲೂ ಕಟ್ಟಿದ.
ಕಾಲು ಮಾತ್ರ ಮಡಚಲು ಬರಲಿಲ್ಲ, ಕೊನೆವರೆಗೂ.

ಅಂದು ಬಾಗಿಲು ಬಡಿದವಳು ಅವಳೇ, ದೇವೀರಮ್ಮ.
ನಾನು ನಗುತ್ತಾ ಹೊರಗೆ ಬಂದೆ. ಅವಳು ಒಳಗೆ ಹೋದಳು.
ಚಿಲಕ ಬಿದ್ದ ಸದ್ದು.
ಆಮೇಲೆ ನಲ್ಲಿ ತಿರುಗಿಸಿದಳು, ಜೋರಾಗಿ,
ಅದರ ಅಡಿಯಲ್ಲಿ ಇನ್ನೊಂದು ಸದ್ದು.
ಸಾಲು ಬೆಳೆಯಿತು. ಮೇಸ್ತ್ರಿ ಕೂಗಿದ.
ನಾವ್ಯಾರೂ ಬಾಗಿಲು ಬಡಿಯಲಿಲ್ಲ.

ಅವಳಿನ್ನೂ ಇದ್ದಾಳೆ, ನಲ್ಲಿಕಟ್ಟೆ ದಾಟಿ ಮೂರನೇ ಮನೆ.
ಕಿವಿ ಮಂದ, ಗಟ್ಟಿಯಾಗಿ ಓದಿ ಹೇಳಿ.
ಮೊದಲ ಸಾಲು ಅವಳಿಗೆ ಬಿಡಿ.
ನಾನು ಎರಡನೆಯದರಲ್ಲಿ ಹಾಕುತ್ತೇನೆ,
ಅವಳು ಏನು ಹಾಕುತ್ತಾಳೋ ನೋಡಿಕೊಂಡು.