ಹಂಡ

ಜಾಲಿಗಡ್ಡಿಗೆ ಹೋಗಬೇಕೆಂದರೆ ಆದೆಪ್ಪನ ಹರಗೋಲು ಒಂದೇ.
ಕೃಷ್ಣೆಯ ನಡುನೀರಲ್ಲಿ ಮೂರು ಸುತ್ತು ತಿರುಗಿ
ದಿಕ್ಕು ಮರೆಸಿಯೇ ಅದು ಮುಂದೆ ಬಿಡುತ್ತದೆ.
ತೊಡೆಯ ಮೇಲೆ ಲಸಿಕೆಯ ಡಬ್ಬಿ, ಒಳಗೆ ಕರಗುವ ಐಸು,
ಬಗಲಲ್ಲಿ ಇಲಾಖೆಯ ದಪ್ಪ ಪುಸ್ತಕ.

ನಲವತ್ತೊಂದು ಆಡು. ಎಲ್ಲ ಕಪ್ಪು.
ಎಲ್ಲದರ ಎಡಗಿವಿ ತುದಿಯಲ್ಲಿ ಮಡಿಚಿದೆ,
ಅಂಗಡಿಯವ ಪೊಟ್ಟಣ ಕಟ್ಟಿ ಮೂಲೆ ಒತ್ತಿದಂತೆ.
ಚುಚ್ಚಿದ್ದು ಯಾವುದು, ಬಿಟ್ಟಿದ್ದು ಯಾವುದು ತಿಳಿಯದೆ
ಒಂದೊಂದರ ಬೆನ್ನಿಗೂ ಸುಣ್ಣ ಬಳಿಯುತ್ತ ಹೋದೆ.

ಹಳೆಯ ಪುಟದಲ್ಲಿ ನನಗಿಂತ ಮೊದಲಿದ್ದವರ ನೀಲಿ ಮಸಿ:
ಕಂದು ಹನ್ನೊಂದು. ಬಿಳಿ ನಾಲ್ಕು.
ಕೊರಳಮೊಲೆ ಇದ್ದವು ಒಂಬತ್ತು. ಮೋಟುಗಿವಿ ಎರಡು.
ಹಂಡ, ಆರು.

ಏನಾದವು ಅಂತ ಹುಸೇನಮ್ಮನನ್ನು ಕೇಳಿದೆ.
"ಹೊಳಿ ಬಂದಿತ್ತಲ್ರೀ ಆ ವರ್ಷ.
ಗುಂಡಿನ ಮ್ಯಾಲ ಇದ್ದವು ಉಳದವು,
ದಂಡಿಗೆ ಮೇಯಾಕ ಹೋದವು ಹೋದವು.
ಜೋರಿದ್ದವು ಉಳದವು ಅನಬ್ಯಾಡ್ರಿ,
ಹೊಳಿಗೇನು ಜೋರು ಗೊತ್ತೈತಿ?"

ಉಳಿದದ್ದು ಏಳು. ಅದರಲ್ಲಿ ಹೋತ ಒಂದು.
ಮಗಳಿಗೂ ಅವನೇ, ಮೊಮ್ಮಗಳಿಗೂ ಅವನೇ,
ಅವನಾದ ಮೇಲೆ ಅವನ ಮಗ.
ಕಂದು ಆಡೊಂದು ಇತ್ತಂತೆ, ಈದದ್ದೆಲ್ಲ ಕಪ್ಪೇ.
ಹೊಸ ಮನೆಗೆ ಬಂದ ಸೊಸೆಯ ಹಾಗೆ
ಕಂದು ಒಳಗೆಲ್ಲೋ ಬಾಯಿ ಮುಚ್ಚಿ ಕಾಯುತ್ತಿತ್ತು.
ಅದನ್ನು ಹೊತ್ತವಳನ್ನೇ
ಯಾರದೋ ಮದುವೆಗೆ ಕಡಿದರು.

ಈಗ ಹತ್ತು ಮರಿ ಹುಟ್ಟಿದರೆ ಮೂರು ಏಳುವುದಿಲ್ಲ.
ಬಾಯಿ ಇದೆ, ಮೊಲೆ ಹಿಡಿಯುವುದಿಲ್ಲ.
ಹುಸೇನಮ್ಮ ಉಪ್ಪು ನಿವಾಳಿಸಿ ನೀರಿಗೆಸೆಯುತ್ತಾಳೆ,
ನಾನು ಟಾನಿಕ್ ಬರೆಯುತ್ತೇನೆ.
ಇಬ್ಬರಿಗೂ ಗೊತ್ತು.

ಆಚೆ ದಂಡೆಯಿಂದ ಒಂದು ಹೋತ ತರೋಣ ಅಂದೆ.
ಆಕೆ ಒಲೆಯ ಬೂದಿ ಕೆದಕಿದಳು, ಬಹಳ ಹೊತ್ತು.
"ತರಬೌದು. ಹರಗೋಲದಾಗ ಹೋತ ನಿಂದರಂಗಿಲ್ರೀ."
"ಕಾಲು ಕಟ್ಟಿದ್ರ ನಿಂದರತೈತಿ," ಹೊರಗಿನಿಂದ ಆದೆಪ್ಪ.

ಪುಸ್ತಕ ಮುಚ್ಚುವಾಗ ಮೊಮ್ಮಗ ಮೌನೇಶ ಬಗ್ಗಿ
ಬೆರಳಿಟ್ಟು ಓದಿದ: "ಹಂ... ಡ. ಹಂಗಂದ್ರ?"
ಕಪ್ಪಿನ ಮೇಲೆ ಬಿಳಿ, ಅಂದೆ. ಅಲ್ಲಲ್ಲಿ, ಚೆಲ್ಲಿದಂತೆ.
ಅವನು ತಿರುಗಿ ಹಿಂಡು ನೋಡಿದ,
ಬಿಸಿಲಿಗೆ ಆಗಲೇ ಒಣಗುತ್ತಿದ್ದ ನನ್ನ ಸುಣ್ಣ ನೋಡಿದ.
"ಹಂಗಾರ ಇವು?"

ಏನೂ ಹೇಳದೆ ಹರಗೋಲು ಹತ್ತಿದೆ.
ಬರುವ ವಾರ ಹಗ್ಗ ತರಬೇಕು,
ಉದ್ದನೆಯದು.