ಬಿಲ್ಲು ಬರುವಷ್ಟು ಹೊತ್ತು

ತಿಂಗಳ ಮೊದಲ ವಾರ ಕೋಡಿಬಾಗ, ಆಮೇಲೆ ಸುಂಕೇರಿ.
ಕೊರಳಿಗೆ ಮಶೀನು, ಕಂಕುಳಲ್ಲಿ ಕೊಡೆ.
ಮಕ್ಕಳು ಕೂಗುತ್ತವೆ: ಲೈಟಿನ ಬಾಯಿ ಬಂತು!
ಹೆಸರಿಗೆ ಬಾಯಿ, ಕೆಲಸಕ್ಕೆ ಬೇಕಾದ್ದು ಕಿವಿ.
ಗುಂಡಿ ಒತ್ತಿ, ಕಾಗದದ ನಾಲಿಗೆ
ಹೊರಗೆ ಚಾಚಿಕೊಳ್ಳುವಷ್ಟರಲ್ಲಿ
ಜನ ಏನಾದರೊಂದು ಹೇಳಿಯೇ ಹೇಳುತ್ತಾರೆ.
ಅದು ಕರೆಂಟಿನ ಮಾತಾಗಿರುವುದಿಲ್ಲ.

"ಇದೂ ಒಂದು ಸಿಟಿಯೇ?" ಕೆಳಮನೆಯ ತಾಂಡೇಲರು.
"ರಾತ್ರಿ ಒಂಬತ್ತಕ್ಕೆ ನಾಯಿಗೂ ನಿದ್ದೆ.
ಎದೆ ಹಿಡಿದುಕೊಂಡರೆ ಗೋವೆಯ ದಾರಿ,
ಕಾಳಿ ಸೇತುವೆ ದಾಟುವ ತನಕ
ಉಸಿರು ಕಡ ತರಬೇಕು."

ಮೇಲಿನ ಮನೆಯ ಫಿಲೋಮಿನಾ, ಹೊಲಿಗೆ ನಿಲ್ಲಿಸದೆ:
"ಸಿಟಿಯಲ್ಲದಿದ್ದರೆ ನನಗೆ ಯಾರು ಕೊಡುತ್ತಿದ್ದರು ಬಾಡಿಗೆಗೆ?
ಗಂಡ ಎಲ್ಲಿ ಎಂದು ಇಲ್ಲಿ ಒಬ್ಬರೂ ಕೇಳಿಲ್ಲ.
ಹನ್ನೊಂದು ವರ್ಷ."
ಸೂಜಿ ನಿಂತಿತು.
"ಒಬ್ಬರೂ ಕೇಳಿಲ್ಲ," ಅಂದಳು ಇನ್ನೊಮ್ಮೆ,
ಬೇರೆ ದನಿಯಲ್ಲಿ.
ಮೂವತ್ತೆಂಟು ಯೂನಿಟ್ಟು.

ಕಡಲು ಕಾಣುತ್ತದೆಂದು ಮಾರಿದ ಕಟ್ಟಡ.
ತಾರಸಿಯ ಬಾಗಿಲಿಗೆ ಕಾರ್ಯದರ್ಶಿಯ ನೋಟೀಸು:
ಮೀನು ಒಣಗಿಸತಕ್ಕದ್ದಲ್ಲ.
ಅದರ ಕಾಲಡಿಯಲ್ಲೇ ಶೇವಂತಿ ಹರಿಕಂತ್ರ
ಚಾಪೆ ತುಂಬ ಸೀಗಡಿ ಹರಗಿದ್ದಾಳೆ.
"ಓದಲು ಬರ್ತದೆ ನನಗೆ. ಬರೂದಿಲ್ಲ ಅಂದ್ಕೊಳ್ಳಲಿ ಬಿಡು.
ಸಮುದ್ರ ನೋಡಲಿಕ್ಕೆ ಬೇಕಂತೆ ಇವರಿಗೆ,
ಮೂಸಲಿಕ್ಕೆ ಬೇಡವಂತೆ!"
ನಕ್ಕು, ಕಾಗೆ ಓಡಿಸಿ, ತಗ್ಗಿದ ಸ್ವರದಲ್ಲಿ:
"ಆದರೂ ಮೊಣಗಂಟಿಗೆ ಲಿಫ್ಟು, ತಿರುಗಿಸಿದರೆ ನೀರು.
ಬಾವಿಗೆ ಕೊಡ ಇಳಿಸಿದ ಕೈ ಇದು,
ಸುಳ್ಳು ಹೇಳೂದಿಲ್ಲ."

ನೌಕಾನೆಲೆಗೆ ಊರು ಬಿಟ್ಟವರ ಕಾಲನಿ.
ಉಮಾಕಾಂತ ದುರ್ಗೇಕರ ಮೀಟರಿನ ಧೂಳು ತಾನೇ ಒರೆಸಿ ಕೊಡುತ್ತಾನೆ.
"ನಾವು ಪೇಟೆಗೆ ಬಂದವರಲ್ಲ ಬಾಯಿ.
ಪೇಟೆಯೇ ನಮ್ಮನ್ನು ಹಿಡಿದು ಸಾಲಿಗೆ ನಿಲ್ಲಿಸಿತು.
ಅಲ್ಲಿ ಮನೆಗೆ ಹೆಸರಿತ್ತು, ಹುಣಸೆ ಬುಡದ ಮನೆ.
ಇಲ್ಲಿ ನಂಬರು. ಟಪಾಲು ತಪ್ಪುವುದಿಲ್ಲ, ಖರೆ.
ಕಾಲು ತಪ್ಪುತ್ತದೆ.
ನಡುರಾತ್ರಿ ಎದ್ದು ಈಗಲೂ ಬಲಕ್ಕೆ ಹೋಗುತ್ತೇನೆ,
ಬಾಗಿಲಿತ್ತಲ್ಲ, ಆ ಕಡೆ.
ಗೋಡೆ."

ಒಂದು ಕೋಣೆ, ಎಂಟು ಹುಡುಗರು, ಎಂಟು ಫೋನು,
ಝಾರ್ಖಂಡದಿಂದ ಬಂದ ವೆಲ್ಡರುಗಳು.
ಬಿಲ್ಲನ್ನು ಎಂಟರಿಂದ ಭಾಗಿಸುತ್ತಾ ಒಬ್ಬ,
ಈಚೆಗೆ ಕಲಿತ ಕನ್ನಡದಲ್ಲಿ:
"ಅಕ್ಕಾ, ರೂಮು ತುಟ್ಟಿ. ಸಮುದ್ರ ಫುಕಟ್."

ರವಿವಾರದ ಸಂತೆಯಲ್ಲಿ ಬಸಳೆ ಕಟ್ಟು ಕೊಡುತ್ತಾ
ಬುದವಂತಿ ಗೌಡ ಹೇಳಿದ್ದು ಇಷ್ಟೇ:
"ನಿಮ್ಮ ಪೇಟೆ ಚಲೋದೇ,
ಸಂಜೆಗೆ ಬಸ್ಸು ಇರೂ ತನಕ."

ಯಾರೂ ಪೂರ್ತಿ ಬೈಯುವುದಿಲ್ಲ, ಪೂರ್ತಿ ಹೊಗಳುವುದಿಲ್ಲ.
ಕಾಗದ ಹರಿದು ಕೊಟ್ಟಕೂಡಲೇ
ಬಾಗಿಲು ಹಾಕಿಕೊಳ್ಳುತ್ತಾರೆ.
ನಲವತ್ತು ಮನೆಗೊಮ್ಮೆ ಯಾರಾದರೂ
"ಆಸರಿಗೆ ಬೇಕಾ?" ಅಂದರೆ
ಆ ಮನೆಯ ನಂಬರು ವರ್ಷವಿಡೀ ಬಾಯಿಪಾಠ.

ನನ್ನ ಬೀದಿ ನನ್ನ ಪಾಳಿಗೆ ಬರುವುದಿಲ್ಲ.
ಬೇರೊಬ್ಬ ಹುಡುಗ ಓದುತ್ತಾನೆ,
ನಾನು ಇನ್ನೊಬ್ಬರ ಜಗಲಿಯಲ್ಲಿರುವ ಹೊತ್ತಿಗೆ.
ಸಂಜೆ ಬಂದರೆ ಬಾಗಿಲ ಸಂದಿಯಲ್ಲಿ ಬಿಲ್ಲು,
ನಾಲ್ಕು ವರ್ಷದಿಂದ.

ಮೊನ್ನೆ ರಜೆ ಹಾಕಿ ಕಾದೆ.
ಮುರುಗಲ ಹಣ್ಣಿನ ಪಾನಕ ಮಾಡಿಟ್ಟೆ,
ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ:
ಘಟ್ಟ ಇಳಿದು ಬಂದ ದಿನ, ಬಂದರಿನ ದೀಪ,
ಈ ಕೋಣೆಯ ಕೀಲಿ ನನ್ನದೇ ಕೈಗೆ ಬಿದ್ದಾಗ
ಕುಣಿದದ್ದು, ಮತ್ತೆ ಜ್ವರ ಬಂದ ಮೂರು ದಿನ
ಬಾಗಿಲು ಯಾರೂ ತಟ್ಟದೇ ಹೋದದ್ದು.

ಬಂದ. ಲೋಟ ಇಸಿದುಕೊಂಡು ನಿಂತೇ ಕುಡಿದ.
ಮಶೀನು ಗುರ್ರೆಂದಿತು, ನಾಲಿಗೆ ಚಾಚಿತು.
ನಾನು ಬಾಯಿ ತೆರೆದೆ.

"ಹತ್ತೊಂಬತ್ತು," ಅಂದ.
"ಕಡಿಮೆ ಆತಲ್ಲ ಈ ಸಲ?" ಅಂದೆ.